ಸ್ಟೆಪ್ನಿಯ ಕಥೆ

ದಾರಿಯಲ್ಲಿ ಕಾರಿನ ಟೈರು ಪಂಕ್ಚರ್ ಆದರೆ ಮೊದಲು ಕೇಳಿಬರುವ ಮಾತು ‘ಸ್ಟೆಪ್ನಿ ಇದೆಯೇ?’ ಎಂಬುದು. ಸ್ಟೆಪ್ನಿ ಎಂಬುದು ಒಂದು ಬೀದಿಯ ಹೆಸರೆಂದು ನಿಮಗೆ ಗೊತ್ತೆ?

ನಮ್ಮ ಎತ್ತಿನ ಗಾಡಿಯಲ್ಲಿ ಅಚ್ಚಿನ ತುದಿಯ ಕಡಾಣಿ ಕಿತ್ತರೆ ಚಕ್ರ ಹೊರಬರುತ್ತದೆ. ಆರಂಭದ ಮೋಟಾರು ಕಾರುಗಳಲ್ಲಿ ಈ ಅನುಕೂಲವಿರಲಿಲ್ಲ. ಚಕ್ರ ಕಾರಿನಲ್ಲಿರುವಂತೆಯೇ ಟೈರನ್ನು ಎಬ್ಬಿ ತೆಗೆದು, ಟ್ಯೂಬಿಗೆ ತೇಪೆ ಹಾಕಿ, ಕೈಪಂಪಿನಿಂದ ಗಾಳಿ ತುಂಬಬೇಕಿತ್ತು. ಕುದುರೆ ಲಾಳದ ಮೊಳೆಗಳು ರಸ್ತೆಯಲ್ಲಿ ಬಿದ್ದಿರುತ್ತಿದ್ದ ಆ ಕಾಲದಲ್ಲಿ ಇದು ಪದೇಪದೇ ಬರುವ ಕಷ್ಟವಾಗಿತ್ತು.

1904ರಲ್ಲಿ ವೇಲ್ಸ್‌ನ ಲನೆಲ್ಲಿ ಪಟ್ಟಣದ ಡೇವಿಸ್ ಸೋದರರು ಇದಕ್ಕೊಂದು ಉಪಾಯ ಕಂಡುಹಿಡಿದರು. ಅರಗಳಿಲ್ಲದ ಲೋಹದ ಬಳೆ. ಅದರ ಮೇಲೆ ಗಾಳಿ ತುಂಬಿದ ಟೈರು. ಒಡೆದ ಟೈರಿನ ಚಕ್ರಕ್ಕೆ ಇದನ್ನು ಪಕ್ಕದಿಂದ ಬಿಗಿದರೆ ಕಾರು ಮುಂದೆ ಸಾಗುತ್ತಿತ್ತು. ಅಲ್ಲಿನ ಸ್ಟೆಪ್ನಿ ಸ್ಟ್ರೀಟ್‌ನಿಂದ ಅದಕ್ಕೆ ಆ ಹೆಸರು ಬಂತು. ಆ ಬಳೆ ಮರೆಯಾಯಿತು. ಹೆಸರು ಮಾತ್ರ ನಮ್ಮ ಗ್ಯಾರೇಜುಗಳಲ್ಲಿ ಉಳಿಯಿತು.

1906ರಲ್ಲಿ ಫ್ರಾನ್ಸಿನ ಲೆ ಮಾನ್ ಬಳಿ ನಡೆದ ಗ್ರ್ಯಾನ್ ಪ್ರಿ ಸ್ಪರ್ಧೆಯನ್ನು ಫೆರೆಂಕ್ ಸಿಸ್ ರೆನೊ ಕಾರಿನಲ್ಲಿ ಗೆದ್ದರು. ಟೈರಿನ ಸಮೇತ ಕಳಚಬಲ್ಲ ಮಿಷೆಲಿನ್ ರಿಮ್‌ಗಳು ಅವರ ಸಮಯವನ್ನು ಬಹಳವಾಗಿ ಉಳಿಸಿದವು. ಕ್ರಮೇಣ ಇಡೀ ಚಕ್ರವನ್ನೇ ಕಳಚುವ ವಿಧಾನ ರೂಢಿಗೆ ಬಂತು.

ಆಗ ಹೊಸ ತೊಡಕೊಂದು ಹುಟ್ಟಿತು. ಚಕ್ರ ಓಡುವಾಗ ಅಲುಗಬಾರದು, ಬೇಕೆಂದಾಗ ಸಲೀಸಾಗಿ ಬರಬೇಕು. ಆದರೆ ಮಳೆನೀರು ಒಳಸೇರಿದರೆ ಚಕ್ರದ ನಡುವಿನ ಹಬ್ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತದೆ. ಉಕ್ಕಿನ ಹಬ್ ಮೇಲೆ ಅಲ್ಯುಮಿನಿಯಂ ಮಿಶ್ರಲೋಹದ ಚಕ್ರವಿದ್ದರೆ, ತೇವ ಸೇರಿದಾಗ ಎರಡು ಲೋಹಗಳ ನಡುವೆ ವಿದ್ಯುತ್ ರಾಸಾಯನಿಕ ಕ್ರಿಯೆಯೂ ನಡೆಯುತ್ತದೆ. ನಟ್ಟುಗಳೆಲ್ಲ ಬಿಚ್ಚಿದರೂ ಚಕ್ರ ಬಾರದಿರುವುದು ಇದರಿಂದಲೇ.

ಅಪಾಯವಿರುವುದು ಇಲ್ಲಿಯೇ. ಜಾಕ್ ಮೇಲಿರುವ ಕಾರಿನ ಚಕ್ರವನ್ನು ಜಗ್ಗಿದರೆ, ಬಲವಾಗಿ ಒದ್ದರೆ ಜಾಕ್ ಜಾರಬಹುದು. ಕಾರಿನಡಿಯಲ್ಲಿ ಕೈಯಾಗಲಿ ಕಾಲಾಗಲಿ ಇದ್ದರೆ ಪ್ರಾಣಕ್ಕೇ ಕುತ್ತು. ಅನುಭವಿಗಳು ಬೇರೆ ದಾರಿ ಹಿಡಿಯುತ್ತಾರೆ. ಸಮತಟ್ಟಾದ ಜಾಗದಲ್ಲಿ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಎಲ್ಲ ನಟ್ಟುಗಳನ್ನೂ ಮತ್ತೆ ಹಾಕಿ ಒಂದೆರಡು ಸುತ್ತಷ್ಟೇ ಸಡಿಲವಿಟ್ಟು, ಕಾರನ್ನು ಕೆಳಗಿಳಿಸಿ, ಮೇಲಿನಿಂದ ಅತ್ತಿತ್ತ ಅಲುಗಾಡಿಸುತ್ತಾರೆ. ಕಾರಿನ ಭಾರವೇ ತುಕ್ಕಿನ ಹಿಡಿತವನ್ನು ಬಿಡಿಸುತ್ತದೆ. ನಟ್ಟುಗಳಿರುವುದರಿಂದ ಚಕ್ರ ಕಳಚಿ ಬೀಳುವುದಿಲ್ಲ. ಅನಂತರವೇ ಮತ್ತೆ ಜಾಕ್ ಏರಿಸಬೇಕು.

ಚಕ್ರ ಬಂದ ಮೇಲೆ ಹಬ್ಬಿನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಚಕ್ರ ಕೂರುವ ನಡುಭಾಗಕ್ಕೆ ತೆಳುವಾಗಿ ಗ್ರೀಸ್ ಸವರುವುದುಂಟು. ಬೋಲ್ಟುಗಳ ಸುರುಳಿಗೆ ಮಾತ್ರ ಅದು ತಾಗಬಾರದು. ಗಾಡಿಯವರು ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ನೀವು ಬಲ್ಲಿರಿ. ಯಂತ್ರ ಎಷ್ಟೇ ಮುಂದುವರಿದರೂ ಇಂಥ ಚಿಕ್ಕ ಆರೈಕೆಯನ್ನು ಅದು ಬೇಡುತ್ತಲೇ ಇರುತ್ತದೆ.