ಉಸಿರಿನ ಗಾಳಿಗೊಂದು ಲೆಕ್ಕ: ಭದ್ರಾವತಿಯ ಕುಲುಮೆಯಿಂದ ಕಾಯಿದೆಯ ಪಟ್ಟಿಯವರೆಗೆ

ಭದ್ರಾವತಿಯ ಚರಿತ್ರೆಯನ್ನು ಬರೆದವರು ಕಬ್ಬಿಣದ ಟನ್ನುಗಳನ್ನೂ ಕಾಗದದ ಟನ್ನುಗಳನ್ನೂ ಎಣಿಸಿದ್ದಾರೆ. ಅಲ್ಲಿ ದುಡಿದವರು ಎಂಟು ತಾಸಿನ ಪಾಳಿಯಲ್ಲಿ ಉಸಿರಾಡಿದ ಗಾಳಿಯ ವಿಚಾರ ಬರವಣಿಗೆಗೆ ಬಂದದ್ದು ವಿರಳ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಆ ಪಾಳಿಯ ಸೈರನ್ ಕೇಳುತ್ತಲೇ ಬೆಳೆದವರು. ಕೆಲವರು ಇಂದಿಗೂ ಶಿವಮೊಗ್ಗ-ಭದ್ರಾವತಿ ನಡುವಣ ಮಾಚೇನಹಳ್ಳಿಯ ಕಾರ್ಖಾನೆಗಳಿಗೆ ಹೋಗಿ ಬರುತ್ತಿದ್ದಾರೆ. ಅವರ ಸಲುವಾಗಿ ಈ ಬರಹ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರ ಕನಸಿನ ಫಲವಾಗಿ, ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು. ಕಲ್ಲಿದ್ದಲಿನ ಗಣಿಗಳು ದೂರ. ಮಲೆನಾಡಿನ ಕಾಡು ಹತ್ತಿರ. ಆದ್ದರಿಂದ ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡಿದರು. ಹಾಗೆ ಕಾಯಿಸುವಾಗ ಎದ್ದ ಆವಿಯನ್ನು ತಣಿಸಿ ಮೀಥೈಲ್ ಆಲ್ಕೋಹಾಲ್, ಅಸಿಟೇಟ್, ಟಾರುಗಳನ್ನು ಪಡೆದರು. ಕೆಮ್ಮಣ್ಣುಗುಂಡಿಯ ಅದಿರು ಈ ಇದ್ದಿಲಿನೊಡನೆ ಊದುಕುಲುಮೆಗೆ ಇಳಿಯುತ್ತಿತ್ತು.

ಕುಲುಮೆಯೊಳಗೆ ಇದ್ದಿಲು ಉರಿದು ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಅನಿಲವೇ ಅದಿರಿನ ಆಮ್ಲಜನಕವನ್ನು ಕಸಿದು ಕಬ್ಬಿಣವನ್ನು ಬಿಡಿಸುವುದು. ಎಂದರೆ, ಆ ವಿಷವಿಲ್ಲದೆ ಕಬ್ಬಿಣವೇ ಇಲ್ಲ! ಊದುಕುಲುಮೆಯಿಂದ ಹೊರಬರುವ ಅನಿಲದಲ್ಲಿ ಸುಮಾರು ಕಾಲು ಭಾಗ ಇದೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು. ಹೆಚ್ಚಾದರೆ ಪ್ರಾಣಕ್ಕೇ ಅಪಾಯ.

1936ರಲ್ಲಿ ಅದೇ ಊರಿನಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಸಲ್ಫೇಟ್ ವಿಧಾನದಿಂದ ಬಿದಿರು, ಮರಗಳನ್ನು ಬೇಯಿಸಿ ತಿರುಳು ಮಾಡುವಲ್ಲೆಲ್ಲ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಇದು ಕೊಳೆತ ಮೊಟ್ಟೆಯ ನಾತ ಬೀರಿ ಮೊದಲೇ ಎಚ್ಚರಿಸುತ್ತದೆ. ಆದರೆ ಪ್ರಮಾಣ ಏರಿದಂತೆ ಮೂಗೇ ಮರಗಟ್ಟಿ ವಾಸನೆ ತಿಳಿಯದಂತಾಗುತ್ತದೆ. ಒಂದು ಅನಿಲ ಮೂಗಿಗೆ ಸಿಕ್ಕುವುದೇ ಇಲ್ಲ, ಇನ್ನೊಂದು ಮೂಗನ್ನೇ ಮೋಸಗೊಳಿಸುತ್ತದೆ. ಹೀಗಾಗಿ ಅಳತೆಯ ಹೊರತು ಅನ್ಯ ಮಾರ್ಗವಿಲ್ಲ.

ಎಷ್ಟಾದರೆ ಹೆಚ್ಚು? ಈ ಪ್ರಶ್ನೆಯನ್ನು 1883ರಲ್ಲಿ ಮ್ಯಾಕ್ಸ್ ಗ್ರೂಬರ್ ಎಂಬ ವಿಜ್ಞಾನಿ ಎತ್ತಿಕೊಂಡು, ಕೋಳಿ ಮತ್ತು ಮೊಲಗಳ ಮೇಲಷ್ಟೇ ಅಲ್ಲದೆ ತನ್ನ ಮೇಲೂ ಕಾರ್ಬನ್ ಮೊನಾಕ್ಸೈಡಿನ ಪ್ರಯೋಗ ಮಾಡಿಕೊಂಡ. ಮುಂದೆ ಅಮೆರಿಕದ ಸರ್ಕಾರಿ ಕೈಗಾರಿಕಾ ಆರೋಗ್ಯ ತಜ್ಞರ ಸಂಘವು 1946ರಲ್ಲಿ ಸುಮಾರು ನೂರೈವತ್ತು ವಸ್ತುಗಳ ಮಿತಿಪಟ್ಟಿಯನ್ನು ಹೊರತಂದಿತು. ಅದರಲ್ಲಿ ಕಾರ್ಬನ್ ಮೊನಾಕ್ಸೈಡಿಗೆ ಹತ್ತು ಲಕ್ಷ ಪಾಲು ಗಾಳಿಗೆ 100 ಪಾಲು ಎಂಬ ಅಂಕಿಯಿತ್ತು.

ನಮ್ಮಲ್ಲಿ 1948ರ ಕಾರ್ಖಾನೆಗಳ ಕಾಯಿದೆ ದೂಳು, ಹೊಗೆಗಳನ್ನು ಹೊರಹಾಕಬೇಕೆಂದಿತು. ಸೀಸದ ವಿಷ, ಸಿಲಿಕೋಸಿಸ್ ಮೊದಲಾದ ರೋಗಗಳು ಕಂಡರೆ ವರದಿ ಮಾಡಬೇಕೆಂದಿತು. ಆದರೆ ಗಾಳಿಯಲ್ಲಿ ಎಷ್ಟು ವಿಷವಿರಬಹುದೆಂಬ ಅಂಕಿಗಳ ಪಟ್ಟಿ ಅದರಲ್ಲಿರಲಿಲ್ಲ. ರೋಗ ಬಂದ ಮೇಲೆ ಎಣಿಸುವ ಕ್ರಮವದು. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸಾವಿರಾರು ಜನ ಸತ್ತ ಮೇಲೆ, 1987ರ ತಿದ್ದುಪಡಿಯಿಂದ ಕಾಯಿದೆಗೆ 41-ಎಫ್ ಕಲಮು ಮತ್ತು ಮಿತಿಗಳ ಪಟ್ಟಿ ಸೇರಿದವು. ಎಂಟು ತಾಸಿನ ಸರಾಸರಿಯಲ್ಲಿ ಹತ್ತು ಲಕ್ಷಕ್ಕೆ ಕಾರ್ಬನ್ ಮೊನಾಕ್ಸೈಡ್ 50, ಹೈಡ್ರೋಜನ್ ಸಲ್ಫೈಡ್ 10, ಮೀಥೈಲ್ ಆಲ್ಕೋಹಾಲ್ 200. ಭೋಪಾಲದ ಮೀಥೈಲ್ ಐಸೊಸಯನೇಟಿಗೆ ಕೇವಲ 0.02. ಎರಕದ ಮರಳಿನಿಂದ ಏಳುವ ಸಿಲಿಕಾ ದೂಳಿಗೂ ಮಿತಿ ಬಂದಿತು. ಭದ್ರಾವತಿಯ ಕಾರ್ಖಾನೆಗೆ ಆಗ ಅರವತ್ತನಾಲ್ಕು ವರ್ಷ. ದುಡಿದು ನಿವೃತ್ತರಾದವರ ತಲೆಮಾರುಗಳು ಆ ವೇಳೆಗಾಗಲೇ ಕಳೆದುಹೋಗಿದ್ದವು.

ಹತ್ತು ಲಕ್ಷಕ್ಕೆ 50 ಎಂದರೆ ಎಷ್ಟು? ಮೇಷ್ಟರ ಅಭ್ಯಾಸದಂತೆ ಒಂದು ಲೆಕ್ಕ ಹಾಕೋಣ. ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲ, ನಾಲ್ಕು ಮೀಟರ್ ಎತ್ತರದ ತರಗತಿಯಲ್ಲಿ 1,92,000 ಲೀಟರ್ ಗಾಳಿ ಹಿಡಿಸುತ್ತದೆ. ಅದರಲ್ಲಿ ಒಂಬತ್ತೂವರೆ ಲೀಟರಿನಷ್ಟು ಕಾರ್ಬನ್ ಮೊನಾಕ್ಸೈಡ್, ಅಂದರೆ ಒಂದು ಸಣ್ಣ ಕೊಡದಷ್ಟು ಬೆರೆತರೆ, ಮಿತಿ ಮುಟ್ಟಿದಂತೆ.

ಈ ಅಂಕಿಗಳು ಶಾಶ್ವತವೂ ಅಲ್ಲ. 1946ರಲ್ಲಿ 100 ಎಂದಿದ್ದ ಆ ಅಮೆರಿಕದ ಸಂಘವೇ ಅದನ್ನು 50ಕ್ಕೆ, 1990ರ ದಶಕದಲ್ಲಿ 25ಕ್ಕೆ ಇಳಿಸಿತು. ಒಂದು ಕಾಲದವರು ಸುರಕ್ಷಿತವೆಂದು ನಂಬಿ ಉಸಿರಾಡಿದ್ದು ಮುಂದಿನವರ ಕಣ್ಣಿಗೆ ಅಪಾಯವಾಗಿ ಕಂಡಿತು. ಆದುದರಿಂದ ಮಿತಿಯನ್ನು ಲಕ್ಷ್ಮಣರೇಖೆ ಎಂದು ಭಾವಿಸಲಾಗದು. ಅದು ಅಂದಿನ ತಿಳಿವಳಿಕೆಯ ಗುರುತು ಅಷ್ಟೆ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಮಿತಿಗಳ ನಿಗದಿಯನ್ನು ರಾಜ್ಯ ಸರ್ಕಾರಗಳ ನಿಯಮಗಳಿಗೆ ಬಿಟ್ಟಿದೆ. ಆ ನಿಯಮಗಳಲ್ಲಿ ಯಾವ ಅಂಕಿ ಬರೆಯುತ್ತಾರೆಂಬುದು ನಾವೆಲ್ಲ ಗಮನಿಸಬೇಕಾದ ಸಂಗತಿ.

ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಆದರೆ ಕುಲುಮೆ, ಎರಕ, ದೂಳುಗಳು ಜಿಲ್ಲೆಯಿಂದ ಹೋಗಿಲ್ಲ. ತನ್ನ ಆರೋಗ್ಯ, ಸುರಕ್ಷತೆಗೆ ಸಂಬಂಧಿಸಿದ ಮಾಹಿತಿಯನ್ನು ಮಾಲೀಕರಿಂದ ಕೇಳಿ ಪಡೆಯುವ ಹಕ್ಕನ್ನು 1987ರ ತಿದ್ದುಪಡಿ ಕಾರ್ಮಿಕನಿಗೆ ಕೊಟ್ಟಿತು. ಹೊಸ ಸಂಹಿತೆಯಲ್ಲೂ ಅದು ಉಳಿದಿದೆ. ಕಾರ್ಖಾನೆಯಲ್ಲಿರುವ ನನ್ನ ವಿದ್ಯಾರ್ಥಿಗಳೇ, ನಿಮ್ಮ ವಿಭಾಗದ ಗಾಳಿಯನ್ನು ಕಡೆಯ ಬಾರಿ ಅಳೆದದ್ದು ಯಾವಾಗ, ಬಂದ ಅಂಕಿ ಎಷ್ಟು ಎಂದು ವಿಚಾರಿಸಿರಿ. ಮೇಲಧಿಕಾರಿಗಳಾದವರು ಕೇಳುವ ಮೊದಲೇ ಆ ಅಂಕಿಯನ್ನು ಫಲಕದ ಮೇಲೆ ಬರೆಸಿರಿ.