ಹಾರುವ ವೈದ್ಯರು, ಪೆಡಲ್ ರೇಡಿಯೊ

ನಕಾಶೆಯಲ್ಲಿ ಎರಡು ಊರುಗಳ ನಡುವಿನ ದೂರವನ್ನು ಅಳೆದು, ಅದನ್ನು ವಿಮಾನದ ವೇಗದಿಂದ ಭಾಗಿಸಿ. ಪ್ರಯಾಣದ ಕಾಲ ಸಿಗುತ್ತದೆ. ಆದರೆ ರೋಗಿಯ ಮಟ್ಟಿಗೆ ಇದು ಅರ್ಧ ಲೆಕ್ಕ. ಸುದ್ದಿ ವೈದ್ಯರನ್ನು ಮುಟ್ಟಲು ಎಷ್ಟು ಹೊತ್ತು ಬೇಕು ಎಂಬುದನ್ನೂ ಕೂಡಿಸಬೇಕು. ಆಸ್ಟ್ರೇಲಿಯದವರು ಇದನ್ನು ಕಲಿತದ್ದು ಹೇಗೆಂದು ನೋಡಿ.

ಪಶ್ಚಿಮ ಆಸ್ಟ್ರೇಲಿಯದ ಉತ್ತರ ತುದಿಯತ್ತ ಹಾಲ್ಸ್ ಕ್ರೀಕ್ ಎಂಬ ಪುಟ್ಟ ಊರಿದೆ. ರಾಜಧಾನಿ ಪರ್ತ್‌ನಿಂದ ಅಲ್ಲಿಗೆ ನೇರ ದೂರವೇ ಸುಮಾರು 1,900 ಕಿ.ಮೀ. 1917ರಲ್ಲಿ ಜಿಮ್ಮಿ ಡಾರ್ಸಿ ಎಂಬ ದನಗಾಹಿ ಯುವಕ ಕುದುರೆಯಿಂದ ಬಿದ್ದು ಹೊಟ್ಟೆಯೊಳಗೆ ಪೆಟ್ಟು ಮಾಡಿಕೊಂಡ. ಊರಿನಲ್ಲಿ ವೈದ್ಯರಿಲ್ಲ. ಪ್ರಥಮ ಚಿಕಿತ್ಸೆ ಬಲ್ಲವರೆಂದರೆ ಪೋಸ್ಟ್ ಮಾಸ್ಟರ್ ಟಕೆಟ್. ಅವರು ಪರ್ತ್‌ನ ಡಾ. ಹಾಲೆಂಡ್ ಅವರಿಗೆ ತಂತಿ ಕಳಿಸಿದರು. ಶಸ್ತ್ರಕ್ರಿಯೆ ಕೂಡಲೇ ಆಗಬೇಕೆಂದು ಹಾಲೆಂಡ್ ಉತ್ತರಿಸಿದರು. ಅರಿವಳಿಕೆಯಿಲ್ಲ, ಉಪಕರಣಗಳಿಲ್ಲ. ಮೋರ್ಸ್ ಸಂಕೇತದಲ್ಲಿ ಬಂದ ಸೂಚನೆಗಳನ್ನು ಅನುಸರಿಸಿ ಟಕೆಟ್ ಜೇಬುಚಾಕುವಿನಿಂದಲೇ ಕೊಯ್ದರು. ಗಾಯವನ್ನು ತೊಳೆಯಲು ಇದ್ದದ್ದು ಪೊಟ್ಯಾಸಿಯಂ ಪರ್ಮಾಂಗನೇಟ್ ಮಾತ್ರ. ಎಂಥ ಧೈರ್ಯ ಬೇಕಾಗಿತ್ತೆಂದು ನೀವೇ ಊಹಿಸಿ!

ಅತ್ತ ಹಾಲೆಂಡ್ ದನ ಸಾಗಿಸುವ ಹಡಗು ಹತ್ತಿ ಡರ್ಬಿ ಬಂದರಿಗೆ ಬಂದರು. ಅಲ್ಲಿಂದ ದಾರಿಯಿಲ್ಲದ ನೆಲದಲ್ಲಿ ಮೋಟಾರು ಹಿಡಿದು ಮುಂದೆ ಸಾಗಿದರು. ಅವರು ತಲಪುವಷ್ಟರಲ್ಲಿ ಹತ್ತು ದಿನಗಳ ಮೇಲಾಗಿತ್ತು. ಡಾರ್ಸಿ ಹಿಂದಿನ ದಿನವಷ್ಟೇ ಸತ್ತಿದ್ದ. ಶಸ್ತ್ರಕ್ರಿಯೆ ಸರಿಯಾಗಿಯೇ ಆಗಿತ್ತು. ಇಂದಿನ ಜೆಟ್ ವಿಮಾನಕ್ಕೆ ಅದು ಮೂರು ಗಂಟೆಯೊಳಗಿನ ದಾರಿ.

ಇಲ್ಲಿ ಸುದ್ದಿ ಬೇಗ ಹೋಗಿತ್ತು, ವೈದ್ಯರು ತಡವಾಗಿ ಬಂದರು. ಅದೇ ವರ್ಷ ಕ್ಲಿಫರ್ಡ್ ಪೀಲ್ ಎಂಬ ವೈದ್ಯಕೀಯ ವಿದ್ಯಾರ್ಥಿ, ಒಳನಾಡಿನ ರೋಗಿಗಳಿಗೆ ವಿಮಾನ ಬಳಸಬಹುದೆಂದು ಪಾದ್ರಿ ಜಾನ್ ಫ್ಲಿನ್ ಅವರಿಗೆ ಪತ್ರ ಬರೆದ. ವಾಯುಪಡೆ ಸೇರಿದ್ದ ಪೀಲ್ 1918ರಲ್ಲಿ ಫ್ರಾನ್ಸಿನ ಯುದ್ಧರಂಗದಲ್ಲಿ ಮಡಿದ. ಫ್ಲಿನ್ ಮಾತ್ರ ಆ ಯೋಚನೆಯನ್ನು ಬಿಡಲಿಲ್ಲ. 1928ರ ಮೇ 17ರಂದು ಕ್ವೀನ್ಸ್‌ಲ್ಯಾಂಡಿನ ಕ್ಲಾಂಕರಿಯಿಂದ ಜೂಲಿಯ ಕ್ರೀಕ್‌ಗೆ ವೈದ್ಯರನ್ನು ಹೊತ್ತ ಮೊದಲ ವಿಮಾನ ಹಾರಿತು. ಕ್ವಾಂಟಾಸ್ ಕಂಪನಿಯಿಂದ ಬಾಡಿಗೆಗೆ ಪಡೆದ ಡಿ ಹ್ಯಾವಿಲೆಂಡ್ 50 ವಿಮಾನವದು. ದೂರ ಸುಮಾರು 137 ಕಿ.ಮೀ., ಸುಮಾರು ಒಂದು ಗಂಟೆಯ ಹಾರಾಟ.

ಈಗ ತೊಡಕು ತಿರುಗಾಮುರುಗಾ ಆಯಿತು. ತಂತಿಯಿಲ್ಲದ ಒಂಟಿ ಮನೆಯಿಂದ ಒಬ್ಬ ಸವಾರ ಸುದ್ದಿ ತರಲು ಎರಡು ದಿನ ತೆಗೆದುಕೊಂಡರೆ, ವಿಮಾನದ ಒಂದು ಗಂಟೆಗೆ ಬೆಲೆಯೆಲ್ಲಿ? ಇದಕ್ಕೆ ಉತ್ತರ ಕೊಟ್ಟವರು ಅಡಿಲೇಡ್‌ನ ಆಲ್‌ಫ್ರೆಡ್ ಟ್ರೇಗರ್. ಬ್ಯಾಟರಿ ಭಾರ, ದುಬಾರಿ. ಕೈಯಿಂದ ಜನರೇಟರ್ ತಿರುಗಿಸಿದರೆ ಮೋರ್ಸ್ ಕೀಲಿ ಒತ್ತಲು ತೊಂದರೆ. ಹಾಗಾಗಿ ಅವರು ಸೈಕಲ್ಲಿನಂತೆ ಕಾಲಿನಿಂದ ತುಳಿಯುವ ಜನರೇಟರನ್ನು ರೂಪಿಸಿದರು. ಎರಡು ಕೈಗಳೂ ಬಿಡುವಾದವು. 1929ರಲ್ಲಿ ಈ ರೇಡಿಯೊ ಕ್ಲಾಂಕರಿಯ ಸುತ್ತಲಿನ ಮನೆಗಳಿಗೆ ಬರತೊಡಗಿತು. ಮೋರ್ಸ್ ಕಲಿಯದವರಿಗಾಗಿ ಅವರು ಮುಂದೆ ಬೆರಳಚ್ಚು ಯಂತ್ರದಂಥ ಕೀಲಿಮಣೆಯನ್ನೂ ಜೋಡಿಸಿದರು. ಅಕ್ಷರ ಒತ್ತಿದರೆ ಸಂಕೇತ ತಾನೇ ಹೊರಡುತ್ತಿತ್ತು.

1942ರಿಂದ ದೂರದ ಮನೆಗಳಲ್ಲಿ ಔಷಧಿ ಪೆಟ್ಟಿಗೆಗಳನ್ನು ಇಡಲಾಯಿತು. ಪ್ರತಿ ಔಷಧಿಗೂ ಒಂದು ಸಂಖ್ಯೆ. ವೈದ್ಯರು ರೇಡಿಯೊದಲ್ಲಿ ಸಂಖ್ಯೆ ಹೇಳಿದರೆ ಸಾಕು, ಎಷ್ಟೋ ಸಲ ವಿಮಾನ ಏಳಬೇಕಾಗಿಯೇ ಇರಲಿಲ್ಲ.