ಶ್ವಾಸಕೋಶದ ದುರಸ್ತಿಗಾರ: ಒಂದು ಹುಡುಕಾಟದ ಇತಿಹಾಸ

ಮೊಣಕಾಲು ತರಚಿದರೆ ಕೆಲವೇ ದಿನಗಳಲ್ಲಿ ಅಲ್ಲಿ ಹೊಸ ಚರ್ಮ ಬೆಳೆಯುವುದನ್ನು ನೀವು ಕಂಡಿದ್ದೀರಿ. ಅಂತಹುದೇ ಗಾಯ ಶ್ವಾಸಕೋಶದ ಒಳಗಾದರೆ ಏನಾಗುತ್ತದೆ? ಹೊಗೆ, ದೂಳು, ವಿಷಾನಿಲ, ರೋಗಾಣುಗಳಿಂದ ಅದಕ್ಕೆ ಪೆಟ್ಟು ಬೀಳುತ್ತಲೇ ಇರುತ್ತದೆ. ಅದನ್ನು ಸರಿಪಡಿಸುವವರು ಯಾರು? ಈ ಪ್ರಶ್ನೆಗೆ ಮುಖ್ಯವಾದ ಉತ್ತರ 1970ರ ದಶಕದಲ್ಲೇ ದೊರೆತಿತ್ತು. ಆದರೂ ಕಾಲು ಶತಮಾನದ ನಂತರ ವಿಜ್ಞಾನಿಗಳು ಆ ದುರಸ್ತಿಗಾರನನ್ನು ಬೇರೆಡೆ ಹುಡುಕಿದರು, ಸಿಕ್ಕಿದನೆಂದು ಸಂಭ್ರಮಿಸಿದರು, ಕೊನೆಗೆ ಹಳೆಯ ವಿಳಾಸಕ್ಕೇ ಮರಳಿದರು. ಆ ಕಥೆ ಇಲ್ಲಿದೆ.

ಕಾಣದ ಗೋಡೆ

1661ರಲ್ಲಿ ಇಟಲಿಯ ಮಾರ್ಸೆಲ್ಲೋ ಮಾಲ್ಪಿಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದು ಬರಿಯ ಮಾಂಸದ ಮುದ್ದೆಯಲ್ಲ, ಪುಟ್ಟ ಪುಟ್ಟ ಗಾಳಿಗೂಡುಗಳ ಸಮೂಹ ಎಂದು ತೋರಿಸಿದ. ವಯಸ್ಕರ ಶ್ವಾಸಕೋಶಗಳಲ್ಲಿ ಇಂತಹ ಗೂಡುಗಳು ಸರಾಸರಿ 48 ಕೋಟಿಯಷ್ಟಿವೆ. ಆದರೆ ಗೂಡಿನ ಒಳಗೋಡೆಗೆ ಜೀವಕೋಶಗಳ ಹೊದಿಕೆ ಇದೆಯೇ ಇಲ್ಲವೇ ಎಂಬ ವಾದ ಬಹುಕಾಲ ಬಗೆಹರಿಯಲಿಲ್ಲ. ಕಾರಣ, ಆ ಹೊದಿಕೆ ತಲೆಗೂದಲ ದಪ್ಪದ ನೂರರಲ್ಲೊಂದು ಭಾಗಕ್ಕಿಂತಲೂ ತೆಳು. 1950ರ ದಶಕದ ಆರಂಭದಲ್ಲಿ ಅಮೆರಿಕದ ಫ್ರ್ಯಾಂಕ್ ಲೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಎಲ್ಲೂ ಕಡಿಯದ ಹೊದಿಕೆ ಇರುವುದನ್ನು ತೋರಿಸಿದ ಮೇಲೆ ವಾದ ಮುಗಿಯಿತು.

ಆ ಹೊದಿಕೆಯಲ್ಲಿ ಎರಡು ಬಗೆಯ ಕೋಶಗಳಿವೆ. ಒಂದನೇ ಬಗೆಯದು ಹಪ್ಪಳದಂತೆ ಅಗಲ ಮತ್ತು ತೆಳು. ಗೂಡಿನ ಮೇಲ್ಮೈಯ ಸುಮಾರು ಶೇಕಡ 95 ಭಾಗವನ್ನು ಆವರಿಸಿರುವ ಇದರ ಮೂಲಕವೇ ಆಮ್ಲಜನಕ ರಕ್ತಕ್ಕೆ ದಾಟುತ್ತದೆ. ಎರಡನೇ ಬಗೆಯದು ಗಿಡ್ಡ, ದುಂಡಗೆ, ಮೂಲೆಯಲ್ಲಿ ಕುಳಿತಿರುತ್ತದೆ. ಗೂಡು ಮುದುಡಿಕೊಳ್ಳದಂತೆ ಕಾಯುವ ಸರ್ಫ್ಯಾಕ್ಟೆಂಟ್ ಎಂಬ ಸ್ರಾವವನ್ನು ತಯಾರಿಸುವುದು ಇದರ ಕೆಲಸ.

ಗುರುತು ಹೇಳಿದ ಸಾಕ್ಷ್ಯ

1974ರಲ್ಲಿ ಕೆನಡಾದ ಆಡಮ್‌ಸನ್ ಮತ್ತು ಬೌಡೆನ್ ಇಲಿಗಳನ್ನು ಅಧಿಕ ಸಾಂದ್ರತೆಯ ಆಮ್ಲಜನಕದಲ್ಲಿ ಇರಿಸಿದರು. ಮಿತಿಮೀರಿದ ಆಮ್ಲಜನಕವೂ ವಿಷವೇ. ತೆಳುವಾದ ಒಂದನೇ ಬಗೆಯ ಕೋಶಗಳು ಮೊದಲು ಸತ್ತವು. ನಂತರ ಇಲಿಗಳಿಗೆ ವಿಕಿರಣಶೀಲ ಥೈಮಿಡಿನ್ ಚುಚ್ಚಿದರು. ವಿಭಜನೆಗೆ ಸಿದ್ಧವಾಗುತ್ತಿರುವ ಕೋಶ ಹೊಸ ಡಿಎನ್‌ಎ ಕಟ್ಟುವಾಗ ಥೈಮಿಡಿನ್ ಹೀರಿಕೊಳ್ಳುವುದರಿಂದ, ಅಂತಹ ಕೋಶಕ್ಕೆ ಮಾತ್ರ ಗುರುತು ಬೀಳುತ್ತದೆ.

ಇಲ್ಲಿನ ತರ್ಕವನ್ನು ಗಮನಿಸಿ. ಚುಚ್ಚಿದ ಸ್ವಲ್ಪ ಹೊತ್ತಿನಲ್ಲೇ ನೋಡಿದಾಗ ಹೊದಿಕೆಯಲ್ಲಿ ಗುರುತು ಇದ್ದುದು ಎರಡನೇ ಬಗೆಯ ಕೋಶಗಳಲ್ಲಿ. ಕೆಲವು ದಿನ ಕಳೆದು ನೋಡಿದರೆ ಒಂದನೇ ಬಗೆಯ ಕೋಶಗಳಲ್ಲೂ ಗುರುತು! ಹಾಗಾದರೆ ಮೂಲೆಯ ಗಿಡ್ಡ ಕೋಶವೇ ಇಬ್ಭಾಗವಾಗಿ, ಚಪ್ಪಟೆಯಾಗಿ, ಸತ್ತ ನೆರೆಯವನ ಜಾಗವನ್ನು ತುಂಬಿರಬೇಕು. ನೈಟ್ರೋಜನ್ ಡೈಆಕ್ಸೈಡ್ ಉಸಿರಾಡಿದ ಇಲಿಗಳಲ್ಲಿ ಅಮೆರಿಕದ ಇವಾನ್ಸ್ ಮತ್ತು ಸಂಗಡಿಗರು ಕಂಡದ್ದೂ ಇದನ್ನೇ.

ಮಜ್ಜೆಯ ಮೋಹ

ಇತ್ತ 1961ರಲ್ಲಿ ಟೊರಾಂಟೊದ ಟಿಲ್ ಮತ್ತು ಮೆಕ್‌ಕಲಕ್ ಅವರ ಪ್ರಯೋಗಗಳಿಂದ ಅಸ್ಥಿಮಜ್ಜೆಯಲ್ಲಿ ರಕ್ತದ ಆಕರಕೋಶಗಳಿರುವುದು ಖಚಿತವಾಗಿತ್ತು. ತನ್ನಂತಹುದೇ ಕೋಶವನ್ನೂ ಬೇರೆ ಬಗೆಯ ಕೋಶಗಳನ್ನೂ ಹುಟ್ಟಿಸಬಲ್ಲದ್ದೇ ಸ್ಟೆಮ್ ಸೆಲ್ ಅಥವಾ ಆಕರಕೋಶ. ಮಜ್ಜೆಯ ಕೋಶಗಳು ಬೇರೆ ಅಂಗಗಳನ್ನೂ ಕಟ್ಟಬಲ್ಲವೇ?

2001ರಲ್ಲಿ ಯೇಲ್ ವಿಶ್ವವಿದ್ಯಾಲಯದ ಡಯಾನ್ ಕ್ರಾಸ್ ಮತ್ತು ಸಂಗಡಿಗರು ಒಂದೇ ಒಂದು ಮಜ್ಜೆಯ ಕೋಶದ ಸಂತತಿ ಇಲಿಯ ಹಲವು ಅಂಗಗಳಲ್ಲಿ ನೆಲೆಸಿದೆಯೆಂದೂ, ಶ್ವಾಸಕೋಶದ ಗೂಡುಗಳಲ್ಲಿ ಶೇಕಡ 20ರವರೆಗೂ ಇದೆಯೆಂದೂ ವರದಿ ಮಾಡಿದರು. ಅದೇ ವರ್ಷ ಬಾಸ್ಟನ್ನಿನ ಡಾರೆಲ್ ಕಾಟನ್ ಮತ್ತು ಸಂಗಡಿಗರೂ ಅದೇ ದಿಕ್ಕಿನ ಫಲಿತಾಂಶ ಪ್ರಕಟಿಸಿದರು. ಮಜ್ಜೆ ಚುಚ್ಚಿದರೆ ಶ್ವಾಸಕೋಶ ಚಿಗುರುತ್ತದೆ ಎಂಬ ಆಸೆ ಹುಟ್ಟಿತು.

ಮುಂದಿನದು ಗಮನಾರ್ಹ. ಕಾಟನ್ ತಮ್ಮ ಫಲಿತಾಂಶವನ್ನು ತಾವೇ ಹೆಚ್ಚು ಕಟ್ಟುನಿಟ್ಟಿನ ವಿಧಾನಗಳಿಂದ ಮತ್ತೆ ಪರೀಕ್ಷಿಸಿದರು. ಮಜ್ಜೆಯಿಂದ ಶ್ವಾಸಕೋಶದ ಹೊದಿಕೆ ಕಟ್ಟಲ್ಪಡುವುದಿಲ್ಲ ಎಂದು 2005ರಲ್ಲಿ ಬರೆದರು. ಗಾಯಗೊಂಡ ಅಂಗಾಂಶ ತಾನಾಗಿಯೇ ಮಿನುಗುತ್ತದೆ. ಮಜ್ಜೆಯಿಂದ ಬಂದ ಬಿಳಿರಕ್ತಕಣ ಹೊದಿಕೆಯ ಕೋಶದ ಮೇಲೆ ಕುಳಿತರೆ ಎರಡೂ ಒಂದೇ ಎಂದು ಕಾಣುತ್ತದೆ. ಸೂಕ್ಷ್ಮದರ್ಶಕ ಸುಳ್ಳು ಹೇಳಿರಲಿಲ್ಲ, ನೋಡಿದ ಕಣ್ಣು ಅವಸರಪಟ್ಟಿತ್ತು.

ಮರಳಿ ಮನೆಗೆ

2013ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಬ್ರಿಜಿಡ್ ಹೋಗನ್ ತಂಡ ವಯಸ್ಕ ಇಲಿಗಳ ಎರಡನೇ ಬಗೆಯ ಕೋಶಗಳಿಗೆ ವಂಶವಾಹಿಯ ಮಟ್ಟದಲ್ಲೇ ಅಳಿಸಲಾಗದ ಗುರುತು ಹಾಕಿತು. ಅವು ತಮ್ಮಂತಹವನ್ನೂ ಒಂದನೇ ಬಗೆಯ ಕೋಶಗಳನ್ನೂ ಹುಟ್ಟಿಸಿದವು. ಗಾಜಿನ ತಟ್ಟೆಯಲ್ಲಿ ಬೆಳೆಸಿದಾಗ ಕೆಲವು ಕೋಶಗಳು ಒಂಟಿಯಾಗಿಯೇ ಎರಡೂ ಬಗೆಗಳಿರುವ ಪುಟ್ಟ ಗೋಳಗಳಾದವು. ಆಡಮ್‌ಸನ್ ಮತ್ತು ಬೌಡೆನ್ ಅವರ ತೀರ್ಮಾನ ಹೊಸ ಸಾಕ್ಷ್ಯದೊಡನೆ ಮತ್ತೆ ನಿಂತಿತು.

ಹಾಗಿದ್ದರೂ ಕೆಲವರ ಶ್ವಾಸಕೋಶ ಏಕೆ ಗಟ್ಟಿಯಾಗಿ ನಾರುಗಟ್ಟುತ್ತದೆ? ಎರಡನೇ ಬಗೆಯ ಕೋಶ ಒಂದನೆಯದಾಗುವ ದಾರಿಯಲ್ಲಿ ಒಂದು ನಡುವಿನ ಹಂತವಿದೆಯೆಂದು 2020ರಲ್ಲಿ ಹಲವು ತಂಡಗಳು ವರದಿ ಮಾಡಿದವು. ನಾರುಗಟ್ಟಿದ ಶ್ವಾಸಕೋಶಗಳಲ್ಲಿ ಇಂತಹ ಅರ್ಧದಾರಿಯ ಕೋಶಗಳು ಗುಂಪುಗೂಡಿರುತ್ತವೆ. ಕೋವಿಡ್-19ರ ವೈರಸ್ಸಿಗೆ ಬೇಕಾದ ಎಸಿಇ-2 ಎಂಬ ಪ್ರೋಟೀನ್ ಈ ಎರಡನೇ ಬಗೆಯ ಕೋಶಗಳಲ್ಲೂ ಇದೆ. ಅಂದರೆ ಆ ಕಾಯಿಲೆ ದುರಸ್ತಿಗಾರನನ್ನೇ ಹೊಡೆಯುತ್ತದೆ.

ನೀವು ತಿಳಿಸಬೇಕಾದದ್ದು

ಮಜ್ಜೆಯ ಇನ್ನೊಂದು ಬಗೆಯ ಕೋಶಗಳು, ಶ್ವಾಸಕೋಶದ ಕೋಶಗಳಾಗಿ ಮಾರ್ಪಡದಿದ್ದರೂ, ತಮ್ಮ ಸ್ರಾವಗಳಿಂದ ಉರಿಯೂತ ತಗ್ಗಿಸಬಹುದೆಂಬ ನಿರೀಕ್ಷೆಯಿತ್ತು. ದೀರ್ಘಕಾಲದ ಶ್ವಾಸಕೋಶ ರೋಗವಿದ್ದ 62 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯಿಂದ ಅಪಾಯ ಕಾಣಲಿಲ್ಲ. ಆದರೆ ಉಸಿರಾಟದ ಸಾಮರ್ಥ್ಯವೂ ಹೆಚ್ಚಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿ ಶ್ವಾಸಕೋಶದ ಕಾಯಿಲೆಗಳಿಗೆ ಆಕರಕೋಶಗಳ ಬಳಕೆಯನ್ನು ಅನುಮತಿ ಪಡೆದ ಪರೀಕ್ಷೆಗಳಿಗಷ್ಟೇ ಸೀಮಿತಗೊಳಿಸಿತು.

ಏದುಸಿರು ಬಿಡುವ ತಂದೆಗೆ ಆಕರಕೋಶ ಚುಚ್ಚಿಸಲು ಹೊಲ ಮಾರಲೇ ಎಂದು ನಾಳೆ ನಿಮ್ಮ ವಿದ್ಯಾರ್ಥಿಯೊಬ್ಬ ಕೇಳಬಹುದು. ಆಗ ಅವನಿಗೆ ಈ ಇತಿಹಾಸ ಹೇಳಿ. ದುರಸ್ತಿಗಾರ ಹೊರಗಿನವನಲ್ಲ, ಅಪ್ಪನ ಗಾಳಿಗೂಡಿನ ಮೂಲೆಯಲ್ಲೇ ಇದ್ದಾನೆ. ಅವನನ್ನು ಎಚ್ಚರಿಸುವ ವಿದ್ಯೆಯನ್ನು ವಿಜ್ಞಾನ ಇನ್ನೂ ಕಲಿಯುತ್ತಿದೆ. ಅಲ್ಲಿಯವರೆಗೆ ಬೀಡಿ, ಒಲೆಯ ಹೊಗೆ, ಕಲ್ಲಿನ ದೂಳಿನಿಂದ ಆ ದುರಸ್ತಿಗಾರನನ್ನು ಕಾಪಾಡುವುದು ನಮ್ಮ ಕೈಯಲ್ಲಿದೆ.